ನಗು ಯಾರ ಮೇಲೆ ಬೀಳುತ್ತಿದೆ? ಹಾಸ್ಯ ಅನಿಮೇಷನ್ ಕಲಿಯುವವರಿಗೆ ಟಿಪ್ಪಣಿ

ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಅನಿಮೇಷನ್ ಚಿತ್ರದಲ್ಲಿ ದಯೆಯ ಪಾಠ ಸಾಮಾನ್ಯವಾಗಿ ಸೋಲುವುದು ಸಂಭಾಷಣೆಯಲ್ಲಿ. ಕೊನೆಯ ದೃಶ್ಯದಲ್ಲಿ ಪಾತ್ರವೊಂದು ಎದ್ದುನಿಂತು ಬುದ್ಧಿಮಾತು ಹೇಳತೊಡಗಿದರೆ ಮಕ್ಕಳು ಆಕಳಿಸುತ್ತಾರೆ. ಚಿತ್ರ ನಿಜವಾಗಿ ಏನು ಕಲಿಸುತ್ತಿದೆ ಎಂದು ತಿಳಿಯಲು ನಗುವಿನ ಜಾಡು ಹಿಡಿಯಬೇಕು. ಆರಂಭದಲ್ಲಿ ಬಡಪಾಯಿ ಪಾತ್ರ ಎಡವಿದಾಗ ನಕ್ಕೆವು, ಸರಿ. ಕೊನೆಗೂ ಅದೇ ಪಾತ್ರ ಎಡವಿದ್ದಕ್ಕೇ ನಗುತ್ತಿದ್ದರೆ, ಬಾಯಲ್ಲಿ ಏನೇ ಹೇಳಿಸಿದರೂ ಕಲಿಸಿದ್ದು ಅಣಕವನ್ನೇ. ನಗು ಬಿದ್ದವನನ್ನು ಬಿಟ್ಟು, ಎತ್ತಲು ಹೋಗಿ ಪಜೀತಿಪಡುವವನ ಕಡೆಗೆ ಹೊರಳಬೇಕು.

ಇದನ್ನು ಕೈಯಲ್ಲೇ ಮಾಡಿ ಕಲಿಯಲು ಹಳೆಯ ಹಿಟ್ಟಿನ ಚೀಲದ ಅಭ್ಯಾಸವೇ ಸಾಕು. ಬರೆಯಬೇಕಾದ್ದು ಅರ್ಧ ತುಂಬಿದ ಒಂದು ಚೀಲವನ್ನು. ಮುಖವಿಲ್ಲ, ಮಾತಿಲ್ಲ, ನಾಲ್ಕು ಮೂಲೆಗಳೇ ಕೈಕಾಲು. ಮುಖವಿಲ್ಲದ್ದೇ ಇದರ ದೊಡ್ಡ ಗುಣ. ನಗುಮುಖ ಬರೆದು ಜಾರಿಕೊಳ್ಳಲು ಆಗುವುದಿಲ್ಲ, ಭಾವವೆಲ್ಲ ದೇಹದಿಂದಲೇ ಬರಬೇಕು.

ದೃಶ್ಯ ಇಷ್ಟೇ: ಒಂದು ಎತ್ತರದ ಮೆಟ್ಟಿಲು, ಹತ್ತಲಾಗದ ಸಣ್ಣ ಚೀಲ, ಪಕ್ಕದಲ್ಲಿ ನಿಂತ ದೊಡ್ಡ ಚೀಲ. ಅವಧಿ 10 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್‌ನಂತೆ (ಫ್ರೇಮ್ ಎಂದರೆ ತೆರೆಯ ಮೇಲೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರ) 240 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 120 ಚಿತ್ರ ಬರೆದರಾಯಿತು. ಫ್ರೇಮ್ ಸಂಖ್ಯೆಯಂತೆ ಹಂಚಿಕೆ ಹೀಗೆ:

1–48: ಸಣ್ಣದು ಕುಪ್ಪಳಿಸುತ್ತ ಬಂದು ಮೆಟ್ಟಿಲ ಮುಂದೆ ನಿಲ್ಲುತ್ತದೆ.
49–84: ಹಾರುತ್ತದೆ, ಅಂಚಿಗೆ ಬಡಿದು ಬೀಳುತ್ತದೆ. ಹಾರುವ ಮುನ್ನ 12 ಫ್ರೇಮ್ ಕುಗ್ಗಿ ಸಿದ್ಧವಾಗಲಿ.
85–120: ದೊಡ್ಡದು ಮೈ ಕುಲುಕಿಸಿ ನಗುತ್ತದೆ.
121–144: ನಗು ನಿಲ್ಲುತ್ತದೆ.
145–192: ದೊಡ್ಡದು ಬಾಗುತ್ತದೆ, ಸಣ್ಣದು ಅದರ ಬೆನ್ನೇರಿ ಹತ್ತುತ್ತದೆ.
193–240: ದೊಡ್ಡದು ರೊಟ್ಟಿಯಂತೆ ಚಪ್ಪಟೆಯಾಗಿ ಬಿದ್ದಿದೆ, ಸಣ್ಣದು ಮೇಲಿನಿಂದ ಬಗ್ಗಿ ನೋಡುತ್ತದೆ.

ಇಡೀ ದೃಶ್ಯದ ಜೀವ 121ರಿಂದ 144ರವರೆಗಿನ ಒಂದೇ ಸೆಕೆಂಡಿನಲ್ಲಿದೆ. ಅದನ್ನು ಮೂರು ತುಂಡು ಮಾಡಿ. ಮೊದಲ 8 ಫ್ರೇಮ್‌ನಲ್ಲಿ ಕುಲುಕಾಟ ಇಳಿಯುತ್ತ ಬರಲಿ. ಮುಂದಿನ 12ರಲ್ಲಿ ಬಹುಪಾಲು ನಿಶ್ಚಲ. ಮೇಲಿನ ಒಂದು ಮೂಲೆ ಮಾತ್ರ ಸಣ್ಣ ಚೀಲದ ಕಡೆಗೆ ನಿಧಾನವಾಗಿ ವಾಲಲಿ. ಇದನ್ನು ಮೂವಿಂಗ್ ಹೋಲ್ಡ್ ಎನ್ನುತ್ತಾರೆ. ಒಂದೇ ಚಿತ್ರವನ್ನು ಹಾಗೇ ನಿಲ್ಲಿಸಿಬಿಟ್ಟರೆ ಪಾತ್ರ ಯೋಚಿಸುತ್ತಿದೆ ಅನ್ನಿಸುವುದಿಲ್ಲ, ಚಿತ್ರವೇ ಸಿಕ್ಕಿಕೊಂಡಂತೆ ಕಾಣುತ್ತದೆ. ಕಂಪ್ಯೂಟರ್ ಅನಿಮೇಷನ್‌ನಲ್ಲಂತೂ ಪಾತ್ರ ಸತ್ತೇಹೋದಂತಿರುತ್ತದೆ. ಉಳಿದ 4 ಫ್ರೇಮ್‌ನಲ್ಲಿ ಬಾಗುವ ಮುನ್ನ ಚೂರು ಮೇಲೇಳಲಿ. ಈ ಸೆಕೆಂಡನ್ನು ಕತ್ತರಿಸಿ ಹಾಕಿದರೆ ದೊಡ್ಡ ಚೀಲ ಸ್ಪ್ರಿಂಗ್‌ನಂತೆ ತಟಕ್ಕನೆ ಬಾಗುತ್ತದೆ. ಆಗ ಸಹಾಯವೇನೋ ಆಗುತ್ತದೆ, ಆದರೆ ಅದು ತಾನಾಗಿ ಮಾಡಿದ ತೀರ್ಮಾನ ಎಂದು ನೋಡುವವರಿಗೆ ತೋರುವುದಿಲ್ಲ. ನಗುತ್ತಲೇ ಬಾಗಿದರೆ ಇನ್ನೂ ಕೆಟ್ಟದ್ದು: ಸಣ್ಣದನ್ನು ಮತ್ತೆ ಬೀಳಿಸುವ ಹುನ್ನಾರ ಎನಿಸುತ್ತದೆ.

ಎರಡನೆಯ ತೊಂದರೆ ತೂಕದ್ದು. ಡಿಸ್ನಿಯ ಅನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪ್ರಕಟಿಸಿದ ಅನಿಮೇಷನ್‌ನ 12 ತತ್ವಗಳಲ್ಲಿ ಮೊದಲನೆಯದು ಸ್ಕ್ವಾಷ್ ಮತ್ತು ಸ್ಟ್ರೆಚ್, ಅಂದರೆ ದೇಹ ಕುಗ್ಗುವುದು ಮತ್ತು ಹಿಗ್ಗುವುದು. ಕುಗ್ಗಿದರೂ ಹಿಗ್ಗಿದರೂ ಗಾತ್ರ ಒಟ್ಟಾರೆ ಅಷ್ಟೇ ಇರಬೇಕು. ಚೀಲ ಎತ್ತರದಲ್ಲಿ ಅರ್ಧಕ್ಕಿಳಿದರೆ ಅಗಲದಲ್ಲಿ ಹರಡಬೇಕು. ಹರಡದಿದ್ದರೆ ಗಾಳಿ ಹೋದ ಬಲೂನಿನಂತೆ ಕಾಣುತ್ತದೆ, ಭಾರ ಹೊತ್ತಂತೆ ಅಲ್ಲ. ಭಾರವಿಲ್ಲ ಎಂದರೆ ನೆರವಾದವನಿಗೆ ಏನೂ ಖರ್ಚಾಗಿಲ್ಲ ಎಂದಾಯಿತು. ದಯೆಗೆ ಬೆಲೆ ಇದೆ ಎಂದು ತೋರಿಸುವುದೂ, ಕೊನೆಯ ನಗುವನ್ನು ಹುಟ್ಟಿಸುವುದೂ ಇದೇ ಚಪ್ಪಟೆ ದೇಹ. ಒಂದೇ ಚಿತ್ರ ಎರಡೂ ಕೆಲಸ ಮಾಡುತ್ತಿದೆ ಎಂಬುದನ್ನು ಗಮನಿಸಿ.

ಎರಡೂ ಚೀಲಗಳನ್ನು ಒಟ್ಟಿಗೆ ಅಲುಗಾಡಿಸಬೇಡಿ. ಒಂದು ನಟಿಸುವಾಗ ಇನ್ನೊಂದು ಸುಮ್ಮನಿರಲಿ, ಇಲ್ಲವಾದರೆ ಕಣ್ಣು ಎತ್ತ ನೋಡಬೇಕೆಂದು ತಿಳಿಯದೆ ಆ ಒಂದು ಸೆಕೆಂಡ್ ಕೈತಪ್ಪುತ್ತದೆ. ಸಂಗೀತವೂ ಅಷ್ಟೆ, 121ರಲ್ಲಿ ಪಿಟೀಲು ಶುರುಮಾಡುವ ಆಸೆಯನ್ನು ತಡೆದುಕೊಳ್ಳಿ. ಅಲ್ಲಿ ಮೌನವೇ ಚೆಂದ.

ಪೂರ್ಣಪ್ರಮಾಣದ ಚಿತ್ರದಲ್ಲಿ ಇಂಥ ಜಾಗಗಳನ್ನು ಅನಿಮ್ಯಾಟಿಕ್ ಹಂತದಲ್ಲೇ, ಅಂದರೆ ಸ್ಟೋರಿಬೋರ್ಡ್ ಚಿತ್ರಗಳಿಗೆ ತಾತ್ಕಾಲಿಕ ಧ್ವನಿ ಕೂಡಿಸಿ ನೋಡುವಾಗಲೇ, ಗುರುತಿಸಿಡಬೇಕು. 90 ನಿಮಿಷದ ಚಿತ್ರವೆಂದರೆ 1,29,600 ಫ್ರೇಮ್. ಅನಿಮೇಷನ್ ಮುಗಿದ ಮೇಲೆ ಒಂದು ಸೆಕೆಂಡಿನ ಯೋಚನೆ ಬೇಕಿತ್ತು ಎಂದು ಹೊಳೆದರೆ ಆ ಶಾಟನ್ನೇ ಹೊಸದಾಗಿ ಮಾಡಬೇಕಾಗುತ್ತದೆ.

ಅಭ್ಯಾಸ ಮುಗಿದ ಮೇಲೆ ಕಥೆ ಗೊತ್ತಿಲ್ಲದ ಯಾರಿಗಾದರೂ ಧ್ವನಿಯಿಲ್ಲದೆ ಒಮ್ಮೆ ತೋರಿಸಿ, ದೊಡ್ಡ ಚೀಲ ಯಾಕೆ ಬಾಗಿತು ಎಂದು ಕೇಳಿ. "ಪಾಪ ಅನ್ನಿಸಿತು" ಎಂಬ ಉತ್ತರ ಬಂದರೆ ಆಯಿತು. "ಅದೂ ಬಿದ್ದುಹೋಯಿತು" ಎಂದರೆ ನಡುವಿನ 12 ಫ್ರೇಮನ್ನು 18ಕ್ಕೆ ಏರಿಸಿ, ಮೂಲೆಯ ವಾಲುವಿಕೆಯನ್ನು ಇನ್ನಷ್ಟು ಸ್ಪಷ್ಟಪಡಿಸಿ, ಆಮೇಲೆ ಬೇರೊಬ್ಬರಿಗೆ ತೋರಿಸಿ.