ಫಾರ್ಮ್ಯಾಟ್ ಆಮೇಲೆ, ಮೊದಲು ಎಲ್ಲಿ ನಿಂತಿತು ನೋಡಿ

ಕಂಪ್ಯೂಟರ್ ಆನ್ ಆಗ್ತಿಲ್ಲ ಅಂದರೆ ನಮ್ಮ ಕಾಸರಗೋಡಿನ ಕಡೆ ಎರಡು ಮದ್ದು ಯಾವಾಗಲೂ ಸಿದ್ಧ. ಒಂದು, ‘ದೃಷ್ಟಿ ತಾಗಿರಬೇಕು’. ಇನ್ನೊಂದು, ‘ಫಾರ್ಮ್ಯಾಟ್ ಹೊಡೆಸಿಬಿಡಿ’, ಅಂದರೆ ಫೈಲುಗಳಿರುವ ಡಿಸ್ಕನ್ನು ಅಳಿಸಿ ಹೊಸದಾಗಿ ಶುರು ಮಾಡುವುದು. ಮೊದಲನೆಯದರಿಂದ ಹೆಚ್ಚು ನಷ್ಟವಿಲ್ಲ, ಆಯುಧಪೂಜೆಯ ಕುಂಕುಮ ಫ್ಯಾನಿನೊಳಗೆ ಹೋಗದಿದ್ದರೆ ಸಾಕು. ನನಗೆ ಸಿಟ್ಟು ಬರುವುದು ಎರಡನೆಯದರ ಮೇಲೆ. ಮಕ್ಕಳ ಫೋಟೋ, ಅಡಿಕೆ ಲೆಕ್ಕ, ಜಾಗದ ದಾಖಲೆಯ ಸ್ಕ್ಯಾನ್ ಎಲ್ಲ ಹೋದ ಮೇಲೆ ನೋಡಿದರೆ ಕೆಟ್ಟದ್ದು ಡಿಸ್ಕೇ ಅಲ್ಲ, ತಾತ್ಕಾಲಿಕ ನೆನಪಿನ, ಸಡಿಲಾದ ರ‍್ಯಾಮ್ ಕಡ್ಡಿ!

ಕಂಪ್ಯೂಟರ್ ಒಮ್ಮೆಗೇ ಏಳುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಎಬ್ಬಿಸುತ್ತಾ ಹೋಗುವ ಸಾಲು ಅದು. ಸಾಲು ಎಲ್ಲಿ ತುಂಡಾಯಿತು ಅಂತ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಮೊದಲ ಕ್ಷಣ. ಡಿಸ್ಕಿನಿಂದ ವಿಂಡೋಸ್ ಓದಬೇಕಾದರೆ ಓದುವ ಪ್ರೋಗ್ರಾಂ ಒಂದು ಬೇಕು. ಆ ಪ್ರೋಗ್ರಾಂ ಕೂಡ ಡಿಸ್ಕಿನಲ್ಲೇ ಇದ್ದರೆ ಅದನ್ನು ಓದುವವರು ಯಾರು? ತೋಟದ ಪಂಪಿಗೂ ಇದೇ ತಾಪತ್ರಯ. ಪೈಪಿನಲ್ಲಿ ನೀರಿಲ್ಲದಿದ್ದರೆ ಮೋಟಾರು ಎಷ್ಟು ತಿರುಗಿದರೂ ಗಾಳಿ ಸುತ್ತುತ್ತದೆ ಅಷ್ಟೇ. ನೀರೆತ್ತಲು ಮೊದಲೇ ಒಂದಿಷ್ಟು ನೀರು ಬೇಕು, ಅದಕ್ಕೇ ಮೇಲಿನಿಂದ ಹೊಯ್ಯುತ್ತೇವೆ. 1975ರ ಆಲ್ಟೇರ್ 8800 ಕಂಪ್ಯೂಟರಿನಲ್ಲಿ ಹೀಗೇ ಕೈಯಲ್ಲಿ ಹೊಯ್ಯಬೇಕಿತ್ತು. ಮುಂದಿನ ಫಲಕದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟ್ ತುಂಬಿಸಿ, ಆ ಪುಟ್ಟ ಪ್ರೋಗ್ರಾಂ ಮೂಲಕ ಕಾಗದದ ಟೇಪಿನಿಂದ ದೊಡ್ಡದನ್ನು ಓದಿಸಬೇಕು. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಈಗ ಆ ಕಷ್ಟವಿಲ್ಲ. ಫುಟ್‌ವಾಲ್ವ್ ಪೈಪಿನ ನೀರನ್ನು ಇಳಿಯಗೊಡದೆ ಹಿಡಿದಿಡುವ ಹಾಗೆ, ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪು ಕರೆಂಟ್ ಇಲ್ಲದಿದ್ದರೂ ಮೊದಲ ಪ್ರೋಗ್ರಾಂ ಅನ್ನು ಹಿಡಿದಿಟ್ಟಿರುತ್ತದೆ. ಹಳಬರು ಆ ಪ್ರೋಗ್ರಾಂ ಅನ್ನು ಬಯೋಸ್ ಅನ್ನುತ್ತಾರೆ, ಈಗಿನದು ಯುಇಎಫ್‌ಐ.

ಆಜ್ಞೆಗಳನ್ನು ನಡೆಸುವ ಪ್ರೊಸೆಸರಿಗೆ ಆ ಚಿಪ್ಪಿನ ದಾರಿ ತೋರಿಸುವವರು ಯಾರು ಅಂತ ಕೇಳಬಹುದು. ಯಾರೂ ಇಲ್ಲ, ವಿಳಾಸ ಪ್ರೊಸೆಸರಿನಲ್ಲೇ ಅಚ್ಚಾಗಿದೆ. 1978ರ ಇಂಟೆಲ್ 8086 ಎದ್ದ ಕೂಡಲೇ ತನ್ನ ಒಂದು ಮೆಗಾಬೈಟ್ ವಿಳಾಸಗಳ ತುದಿಗೆ 16 ಬೈಟ್ ಬಾಕಿ ಇರುವ ಜಾಗಕ್ಕೆ ಹೋಗುತ್ತಿತ್ತು. ಈಗಿನ ಪಿಸಿ ಪ್ರೊಸೆಸರುಗಳು ನಾಲ್ಕು ಗಿಗಾಬೈಟಿನ ತುದಿಗೆ 16 ಬೈಟ್ ಬಾಕಿ ಇರುವಲ್ಲಿಗೆ ಹೋಗುತ್ತವೆ. ಹದಿನಾರು ಬೈಟಿನಲ್ಲಿ ಏನು ಹಿಡಿಸುತ್ತದೆ? ‘ಇಲ್ಲಲ್ಲ, ಅಲ್ಲಿಗೆ ಹೋಗು’ ಎಂಬ ಒಂದು ಆಜ್ಞೆ ಸಾಕಲ್ವಾ! ಆ ಚಿಪ್ಪೇ ಅಳಿಸಿಹೋದರೆ ಡಿಸ್ಕನ್ನು ನೂರು ಸಲ ಫಾರ್ಮ್ಯಾಟ್ ಮಾಡಿದರೂ ಏಳುವುದಿಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಎಷ್ಟೋ ಕಂಪ್ಯೂಟರುಗಳಿಗೆ ಹೀಗೇ ಮಾಡಿತ್ತು.

ಇನ್ನು ಹುಡುಕಾಟ. ಲೈಟೇ ಇಲ್ಲ, ಫ್ಯಾನೂ ಇಲ್ಲ ಅಂದರೆ ಕರೆಂಟಿನ ಕಡೆ ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಬ್ಯಾಟರಿ ಕಳಚುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಇದು ಮಂತ್ರ ಅಲ್ಲ, ಒಳಗೆ ಉಳಿದ ವಿದ್ಯುತ್ತು ಖಾಲಿಯಾಗಿ ಕರೆಂಟ್ ನೋಡಿಕೊಳ್ಳುವ ಚಿಪ್ಪು ಹೊಸದಾಗಿ ಶುರು ಮಾಡುತ್ತದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಸದ್ದು: ಹೆಚ್ಚಾಗಿ ರ‍್ಯಾಮ್. ನಮ್ಮ ಮಳೆಗಾಲದ ತೇವಕ್ಕೆ ಲೋಹದ ಹಲ್ಲುಗಳು ಮಂಕಾಗುತ್ತವೆ. ಪ್ಲಗ್ ಕಿತ್ತು, ಕಡ್ಡಿ ತೆಗೆದು, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದರೆ ಎಷ್ಟೋ ಸಲ ಏಳುತ್ತದೆ. ತಾರೀಕು ಪ್ರತಿದಿನ ಹಿಂದೆ ಓಡುತ್ತಿದ್ದರೆ ಒಳಗೆ ಗಡಿಯಾರ ನಡೆಸುವ ಸಿಆರ್2032 ಸೆಲ್ ಬದಲಿಸಿ, ಅದು ಸುಮ್ನೆ ಮೂರು ವೋಲ್ಟಿನ ಬಿಲ್ಲೆ.

ಕಂಪೆನಿಯ ಹೆಸರು ಪರದೆಯ ಮೇಲೆ ಬಂತೋ, ಸಂತೋಷಪಡಿ. ಚಿಪ್ಪು, ಪ್ರೊಸೆಸರ್, ರ‍್ಯಾಮ್ ಸಾಮಾನ್ಯವಾಗಿ ಸರಿಯಿದೆ ಎಂದರ್ಥ. ಮುಂದಿನದು ಡಿಸ್ಕಿನ ಸರದಿ. ಹಳೇ ಪದ್ಧತಿಯ ಡಿಸ್ಕಿನಲ್ಲಿ ಮೊದಲ 512 ಬೈಟೇ ಹೆಬ್ಬಾಗಿಲು: 446 ಬೈಟ್ ಪ್ರೋಗ್ರಾಂ, 64 ಬೈಟ್ ಪಾಲುಪಟ್ಟಿ (ಡಿಸ್ಕನ್ನು ಹೇಗೆ ಪಾಲು ಮಾಡಿದೆ ಎಂಬುದು), ಕೊನೆಯ ಎರಡು ಬೈಟ್ ಗುರುತು. ಅಷ್ಟು ಕೆಟ್ಟರೂ ಉಳಿದ ಐನೂರು ಗಿಗಾಬೈಟ್ ಹಾಗೇ ಇರುತ್ತದೆ, ವಿಂಡೋಸ್ ಪೆನ್‌ಡ್ರೈವಿನ ‘ರಿಪೇರ್’ ಆ ಪ್ರೋಗ್ರಾಂ ಭಾಗವನ್ನು ಮತ್ತೆ ಬರೆಯಬಲ್ಲದು.

ವಿಂಡೋಸ್ ಚಿಹ್ನೆ ಬಂದ ಮೇಲೆ ನಿಂತರೆ ಅನುಮಾನ ಡ್ರೈವರುಗಳ ಮೇಲೆ, ಅಂದರೆ ಒಂದೊಂದು ಭಾಗವನ್ನು ನಡೆಸಲು ವಿಂಡೋಸಿನ ಜೊತೆ ಏಳುವ ಪುಟ್ಟ ಪ್ರೋಗ್ರಾಂಗಳ ಮೇಲೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ತಪ್ಪು ಫೈಲಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಕೆಟ್ಟು ನಿಂತವು, ವಿಮಾನಗಳೂ ನಿಂತವು. ಆಗ ಹೇಳಿದ ಮದ್ದೇನು ಗೊತ್ತಾ? ಸೇಫ್ ಮೋಡಿಗೆ ಹೋಗಿ ಆ ಫೈಲನ್ನು ಅಳಿಸುವುದು. ಸೇಫ್ ಮೋಡಿನಲ್ಲಿ ತೀರಾ ಬೇಕಾದ ಡ್ರೈವರುಗಳು ಮಾತ್ರ ಏಳುತ್ತವೆ, ತಂಟೆ ಮಾಡುವವನು ಮಲಗಿಯೇ ಇರುತ್ತಾನೆ.

ಇದ್ಯಾವುದೂ ಆಗದಿದ್ದರೂ ಫೈಲು ತೆಗೆಯಬಹುದು. ಕೇರಳದ ಶಾಲೆಗಳಲ್ಲಿ ಕಲಿಸುವುದು ವಿಂಡೋಸಿನ ಬದಲಿಗೆ ಬಳಸುವ ಗ್ನೂ ಲಿನಕ್ಸ್. ಕನ್ನಡ ಮಾಧ್ಯಮದ ಹೈಸ್ಕೂಲು ಮಗು ಮನೆಯಲ್ಲಿದ್ದರೆ ಕೇಳಿ ನೋಡಿ, ಲಿನಕ್ಸ್ ಪೆನ್‌ಡ್ರೈವ್ ಮಾಡಿಕೊಟ್ಟೀತು. ಅದರಿಂದಲೇ ಕಂಪ್ಯೂಟರ್ ಎಬ್ಬಿಸಿ, ಇನ್‌ಸ್ಟಾಲ್ ಒತ್ತದೆ, ಡಿಸ್ಕಿನ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿ. ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕೆಯ ಕೀ ಬೇಕು. ಹಾರ್ಡ್ ಡಿಸ್ಕ್ ಕಟ್ ಕಟ್ ಅಂತ ಸದ್ದು ಮಾಡುತ್ತಿದ್ದರೆ ಮಾತ್ರ ಇದೊಂದನ್ನೂ ಮಾಡಬೇಡಿ. ಒಳಗಿನ ಓದುವ ಮುಳ್ಳು ತಟ್ಟೆಯನ್ನು ಗೀರುತ್ತಿರಬಹುದು, ಒಂದೊಂದು ಸಲ ಆನ್ ಮಾಡಿದಾಗಲೂ ಇನ್ನಷ್ಟು ಹಾಳಾಗುತ್ತದೆ. ಪ್ಲಗ್ ಕಿತ್ತು, ಡಿಸ್ಕನ್ನು ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.