ಮದ್ದು ಹಿಡಿದಿತ್ತು, ಈಗ ಯಾಕೆ ಹಿಡೀತಿಲ್ಲ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಎಂಡಿಎಸ್ (ಅಸ್ಥಿಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದ ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂತ ಹೇಳಿ ಪ್ರತಿ ತಿಂಗಳು ಏಳು ದಿನ ಅಜಾಸಿಟಿಡಿನ್ ಇಂಜೆಕ್ಷನ್ ಕೊಡುತ್ತಿದ್ದರು. ಐದನೇ ಸೈಕಲ್ ಹೊತ್ತಿಗೆ ರಕ್ತ ಹಾಕಿಸುವುದೇ ನಿಂತಿತ್ತು. ತೋಟಕ್ಕೂ ಹೋಗಿ ಬರುತ್ತಿದ್ದರು. ಹನ್ನೊಂದನೇ ಸೈಕಲ್ ಆದ ಮೇಲೆ ಬ್ಲಾಸ್ಟ್ (ಬೆಳೆಯದ ರಕ್ತಕೋಶ) ಮತ್ತೆ ಏರಿದೆ. ದೇಹಕ್ಕೆ ಮದ್ದು ರೂಢಿ ಆಗಿಬಿಟ್ಟಿತಾ? ನಡುವೆ ಒಂದು ಸಲ ಮನೆಯಲ್ಲಿ ಮದುವೆ ಅಂತ ಹತ್ತು ದಿನ ತಡ ಮಾಡಿದ್ದೆವು, ಅದಕ್ಕೇ ಹೀಗಾಯ್ತಾ? ಡಾಕ್ಟರ್ ‘ಎಪಿಜೆನೆಟಿಕ್’ ಅಂತ ಏನೋ ಹೇಳಿದರು. ಮುರುಗಲಲ್ಲೂ (ಪುನರ್ಪುಳಿ, ಕೋಕಂ) ಅದೇ ಗುಣ ಇದೆಯಂತೆ, ಕೊಡಬಹುದಾ?
(ಶಿರಸಿ ಕಡೆಯ ಓದುಗರು)

ಉತ್ತರ: ಮದುವೆಯ ವಿಷಯ ಮೊದಲು ಮುಗಿಸಿಬಿಡೋಣ. ಅದು ನಿಮ್ಮನ್ನು ರಾತ್ರಿ ನಿದ್ದೆ ಮಾಡಲು ಬಿಡುತ್ತಿಲ್ಲ ಅಂತ ಪತ್ರ ಓದಿದರೇ ಗೊತ್ತಾಗುತ್ತದೆ. ರಕ್ತದ ಕೌಂಟ್ ತೀರಾ ಇಳಿದಾಗ ಡಾಕ್ಟರೇ ಸೈಕಲ್ ಮುಂದೂಡುತ್ತಾರೆ. ಒಂದು ಸಲ ಹತ್ತು ದಿನ ತಡವಾದದ್ದನ್ನು ಕಾರಣ ಅನ್ನಲು ಬರುವುದಿಲ್ಲ. ಅದನ್ನು ಇಲ್ಲಿಗೇ ಬಿಡಿ.

‘ದೇಹಕ್ಕೆ ರೂಢಿ ಆಯ್ತು’ ಅನ್ನುವ ಮಾತನ್ನು ನಾನೂ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ರೂಢಿ ಆಗಿದ್ದು ನಿಮ್ಮ ಅಪ್ಪನ ದೇಹಕ್ಕಲ್ಲ, ಅವರ ಅಸ್ಥಿಮಜ್ಜೆಯಲ್ಲಿ ಕೂತಿರುವ ಕೆಟ್ಟ ಕೋಶಗಳಿಗೆ. ಹೇಗೆ ಅನ್ನುವುದಕ್ಕೆ ಎಪಿಜೆನೆಟಿಕ್ಸ್ ಬೇಕು. ಅದಕ್ಕೆ ಸ್ವಲ್ಪ ಯಕ್ಷಗಾನ ಬೇಕು.

ನಮ್ಮೂರಲ್ಲಿ ಒಬ್ಬ ಹಳೆಯ ಭಾಗವತರ ಪ್ರಸಂಗ ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೆ. ಹಾಳೆಯ ಅಂಚೆಲ್ಲ ಎಲೆಯಡಿಕೆ ಕೈ ತಾಗಿ ಕೆಂಪಾಗಿತ್ತು. ಪದಗಳ ಪಕ್ಕದಲ್ಲಿ ಪೆನ್ಸಿಲ್ ಗುರುತುಗಳು. ಕೆಲವು ಪದಕ್ಕೆ ಅಡ್ಡಗೆರೆ, ಅಂದರೆ ಇದನ್ನು ಹಾಡುವುದು ಬೇಡ. ಕೆಲವಕ್ಕೆ ಚುಕ್ಕೆ, ಇದನ್ನು ಬಿಡಬಾರದು. ಅದೇ ಪುಸ್ತಕ ಇಟ್ಟುಕೊಂಡು ಬೆಳಗಿನವರೆಗೂ ಆಟ ಆಡಿಸಬಹುದು, ಮೂರು ತಾಸಿನ ಕಾಲಮಿತಿ ಆಟವನ್ನೂ ಆಡಿಸಬಹುದು. ಅಚ್ಚಾದ ಅಕ್ಷರ ಒಂದೂ ಬದಲಾಗುವುದಿಲ್ಲ. ರಂಗದ ಮೇಲೆ ಬರುವ ಕಥೆ ಮಾತ್ರ ಬೇರೆ.

ನಮ್ಮ ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಚರ್ಮದ ಕೋಶಕ್ಕೂ ಬಿಳಿ ರಕ್ತಕಣಕ್ಕೂ ಅದೇ ಪುಸ್ತಕ. ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವ ಗುರುತುಗಳು ಮಾತ್ರ ಬೇರೆ ಬೇರೆ. ಮುಚ್ಚುವ ಗುರುತುಗಳಲ್ಲಿ ಮುಖ್ಯವಾದದ್ದು ಮಿಥೈಲ್ ಅನ್ನುವ ಪುಟ್ಟ ರಾಸಾಯನಿಕ ತುಣುಕು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳ ಮೇಲೆ ಅಸಿಟೈಲ್ ಅನ್ನುವ ಇನ್ನೊಂದು ತುಣುಕು ಕೂತರೆ ಅದು ಸಾಮಾನ್ಯವಾಗಿ ತೆರೆಯುವ ಗುರುತು. ಈ ಗುರುತುಗಳ ಅಧ್ಯಯನಕ್ಕೇ ಎಪಿಜೆನೆಟಿಕ್ಸ್ ಅನ್ನುವುದು. ಹೆಸರು ಕೊಟ್ಟವರು ಕಾನ್ರಾಡ್ ವಾಡಿಂಗ್ಟನ್, 1942ರಲ್ಲಿ. ಆಗಿನ್ನೂ ಡಿಎನ್‌ಎಯ ರೂಪವೇ ಗೊತ್ತಿರಲಿಲ್ಲ.

ಕೋಶ ಎರಡಾಗುವಾಗ ಪುಸ್ತಕದ ನಕಲು ಆಗಬೇಕು. ಕಲಿಯುವ ಹುಡುಗ ಗುರುಗಳ ಪುಸ್ತಕ ನೋಡಿ ಬರೆದುಕೊಳ್ಳುವಾಗ ಪೆನ್ಸಿಲ್ ಗುರುತನ್ನೂ ಹಾಗೇ ಎತ್ತಿಕೊಳ್ಳುತ್ತಾನಲ್ಲ, ಇಲ್ಲಿ ಆ ಕೆಲಸ ಡಿಎನ್‌ಎಂಟಿ-1 ಅನ್ನುವ ಕಿಣ್ವದ್ದು. ಎಂಡಿಎಸ್‌ನಲ್ಲಿ ಆಗುವ ಎಡವಟ್ಟು ಏನೆಂದರೆ, ‘ಬೆಳೆದು ಪಕ್ವವಾಗು’ ಎಂದು ಹೇಳುವ ಜೀನುಗಳ ಮೇಲೂ ಅಡ್ಡಗೆರೆ ಬೀಳುತ್ತದೆ. ಕೋಶ ಹುಟ್ಟುತ್ತದೆ, ಬೆಳೆಯುವುದಿಲ್ಲ. ಆ ಬೆಳೆಯದ ಕೋಶಗಳೇ ರಿಪೋರ್ಟಿನಲ್ಲಿ ಬರುವ ಬ್ಲಾಸ್ಟ್. ಇನ್ನೊಂದು ವಿಚಿತ್ರ ಇದೆ. ರಕ್ತದ ಕ್ಯಾನ್ಸರುಗಳಲ್ಲಿ ಆಗಾಗ ಕೆಡುವ ಜೀನುಗಳ ಪಟ್ಟಿಯಲ್ಲಿ ಡಿಎನ್‌ಎಂಟಿ-3ಎ, ಟಿಇಟಿ-2, ಐಡಿಎಚ್-1, ಐಡಿಎಚ್-2 ಇವೆ. ಎಲ್ಲವೂ ಗುರುತು ಹಾಕುವ, ಅಳಿಸುವ ಕೆಲಸಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧಪಟ್ಟವು. ಅಂದರೆ ಪೆನ್ಸಿಲ್ ಹಿಡಿದವರೇ ಕೆಟ್ಟಿರುತ್ತಾರೆ. ಎಪಿಜೆನೆಟಿಕ್ ಮದ್ದುಗಳು ಮೊದಲು ರಕ್ತದ ಕ್ಯಾನ್ಸರಿನಲ್ಲೇ ನೆಲೆ ಕಂಡದ್ದು ಸುಮ್ನೆ ಅಲ್ಲ.

ಅಜಾಸಿಟಿಡಿನ್ ಹೊಸ ಮದ್ದೇನೂ ಅಲ್ಲ. 1964ರಲ್ಲೇ ಆಗಿನ ಚೆಕೊಸ್ಲೊವಾಕಿಯಾದಲ್ಲಿ ತಯಾರಾಗಿತ್ತು. ಮೊದಮೊದಲು ಅದನ್ನು ಕೋಶ ಕೊಲ್ಲುವ ವಿಷ ಅಂತಲೇ ದೊಡ್ಡ ಡೋಸಿನಲ್ಲಿ ಕೊಟ್ಟು ನೋಡಿದರು. ಆಮೇಲೆ ಇಲಿಯ ಕೋಶಗಳಿಗೆ ಸ್ವಲ್ಪವೇ ಹಾಕಿದಾಗ ಅವು ಸಾಯುವ ಬದಲು ಸ್ನಾಯುಕೋಶಗಳಾಗಿ ಬದಲಾಗಿ ಎಲ್ಲರನ್ನೂ ಬೆರಗುಗೊಳಿಸಿದವು. ಇದು ಮಿಥೈಲ್ ಗುರುತು ಕಳಚಿದ್ದರ ಫಲ ಎಂದು ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ 1980ರಲ್ಲಿ ತೋರಿಸಿದರು. ಎಂಡಿಎಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ.

ಈ ಇಂಜೆಕ್ಷನ್ ಕೊಡುವುದನ್ನು ನೀವು ಹತ್ತಿರದಿಂದ ನೋಡಿರುತ್ತೀರಿ. ಪುಡಿಗೆ ನೀರು ಸೇರಿಸಿದರೆ ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗುತ್ತದೆ. ನರ್ಸ್ ಸಿರಿಂಜನ್ನು ಎರಡೂ ಅಂಗೈ ನಡುವೆ ಹೊಸೆಯುತ್ತಾರೆ, ದೀಪದ ಬತ್ತಿ ಹೊಸೆದ ಹಾಗೆ. ತಳಕ್ಕೆ ಕೂತದ್ದು ಮೇಲೆದ್ದು ಬೆರೆಯಲಿ ಅಂತ. ಆಮೇಲೆ ಹೊಟ್ಟೆಗೋ ತೊಡೆಗೋ ಚುಚ್ಚುತ್ತಾರೆ, ಚುಚ್ಚಿದಲ್ಲಿ ಕೆಂಪು ಬೊಬ್ಬೆ. ಒಳಗೆ ಹೋದ ಮದ್ದು ಡಿಎನ್‌ಎಯ ಅಕ್ಷರವೊಂದರ ವೇಷ ಹಾಕಿಕೊಂಡು ನಕಲು ಪುಸ್ತಕದೊಳಗೆ ಸೇರಿಕೊಳ್ಳುತ್ತದೆ. ಗುರುತು ಹಾಕಲು ಬಂದ ಡಿಎನ್‌ಎಂಟಿ-1 ಅಲ್ಲೇ ಅಂಟಿಕೊಳ್ಳುತ್ತದೆ. ಹಲಸಿನ ಮೇಣಕ್ಕೆ ಕೈ ಹತ್ತಿದ ಹಾಗೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಗುರುತಿಲ್ಲದ ನಕಲು ಹೊರಬರುತ್ತದೆ. ಕೋಶಗಳ ಒಂದೆರಡು ತಲೆಮಾರಿನಲ್ಲಿ ಮುಚ್ಚಿದ್ದ ಜೀನುಗಳು ಬಾಯಿ ಬಿಡುತ್ತವೆ.

ಪರಿಣಾಮ ಕಾಣಲು ನಾಲ್ಕರಿಂದ ಆರು ಸೈಕಲ್ ಬೇಕು ಅನ್ನುವುದು ಇದಕ್ಕೇ. ನಿಮ್ಮ ಅಪ್ಪನಿಗೆ ಐದಕ್ಕೆ ಹಿಡಿದದ್ದೂ ಹೀಗೇ. ಮದ್ದು ನಿಲ್ಲಿಸಿದರೆ ಗುರುತುಗಳು ಮತ್ತೆ ಬಂದು ಕೂರುತ್ತವೆ, ಹಾಗಾಗಿ ತಿಂಗಳು ತಿಂಗಳು ಕೊಡಬೇಕು. ಶಿರಸಿಯಿಂದ ಹುಬ್ಬಳ್ಳಿಗೆ, ಹೊನ್ನಾವರದಿಂದ ಮಣಿಪಾಲಕ್ಕೆ, ಕಾರವಾರದಿಂದ ಗೋವಾಕ್ಕೆ ಏಳು ದಿನ ಓಡಾಡುವುದು ಎಂಥ ಕಷ್ಟ ಅಂತ ಓಡಾಡಿದವರಿಗೇ ಗೊತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ನಮ್ಮವರು ಕೂಗುತ್ತಿರುವುದು ಇದಕ್ಕೆಲ್ಲ ಸೇರಿಸಿಯೇ.

ಈಗ ಅಸಲು ಪ್ರಶ್ನೆ. ಹಿಡಿದ ಮದ್ದು ಯಾಕೆ ಬಿಟ್ಟಿತು?

ಒಂದು ದಾರಿ ಅಕ್ಷರವೇ ಬದಲಾಗುವುದು. ಇದಕ್ಕೆ ಸ್ಪಷ್ಟ ಉದಾಹರಣೆ ಇನ್ನೊಂದು ರಕ್ತದ ಕ್ಯಾನ್ಸರಿನಲ್ಲಿದೆ, ಸಿಎಂಎಲ್‌ನಲ್ಲಿ. ಅದಕ್ಕೆ 2001ರಲ್ಲಿ ಇಮಾಟಿನಿಬ್ ಮಾತ್ರೆ ಬಂತು, ರೋಗದ ಹಣೆಬರಹವೇ ಬದಲಾಯಿತು. ಆದರೆ ಕೆಲವರಲ್ಲಿ ಒಂದೇ ಒಂದು ಅಕ್ಷರ ತಿರುಗಿ, ಮಾತ್ರೆ ಕೂರುವ ಜಾಗವೇ ಮುಚ್ಚಿಹೋಯಿತು. ಇಂಥದ್ದು ಪರೀಕ್ಷೆಯಲ್ಲಿ ಕಾಣುತ್ತದೆ, ಬೇರೆ ಮಾತ್ರೆ ಹುಡುಕಬಹುದು.

ಇನ್ನೊಂದು ದಾರಿ ಜಾಣತನದ್ದು. ಅಕ್ಷರ ಮುಟ್ಟದೆ ಗುರುತು ಮಾತ್ರ ಬದಲಿಸಿಕೊಳ್ಳುವುದು. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್, ಇದ್ದ 138 ಜನರಲ್ಲಿ ರೋಗ ಪತ್ತೆಯಾದಾಗಿನ ಮಾದರಿಯನ್ನೂ ಮರುಕಳಿಸಿದಾಗಿನ ಮಾದರಿಯನ್ನೂ ಜೋಡಿಸಿ ನೋಡಿದ ಅಧ್ಯಯನ 2016ರಲ್ಲಿ ಬಂತು. ಮಿಥೈಲ್ ಗುರುತುಗಳು ಅಕ್ಷರದ ಬದಲಾವಣೆಯ ಹಂಗಿಲ್ಲದೆ ತಮ್ಮದೇ ಲೆಕ್ಕದಲ್ಲಿ ಬದಲಾಗಿದ್ದವು. ಗುರುತುಗಳ ವೈವಿಧ್ಯ ಜಾಸ್ತಿ ಇದ್ದವರಲ್ಲಿ ರೋಗ ಬೇಗ ಮರಳಿತ್ತು. ನನಗೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಇದು. ಲಕ್ಷಾಂತರ ಕೋಶಗಳಲ್ಲಿ ಒಂದೊಂದರ ಕೈಯಲ್ಲೂ ಸ್ವಲ್ಪ ಬೇರೆ ಗುರುತಿನ ಪುಸ್ತಕ ಇದ್ದರೆ, ಯಾವ ಮದ್ದು ಬಂದರೂ ಯಾವುದೋ ಒಂದು ಗುಂಪು ಬಚಾವಾಗುತ್ತದೆ. ಅದೇ ಗುಂಪು ಮತ್ತೆ ಬೆಳೆಯುತ್ತದೆ.

ಅಜಾಸಿಟಿಡಿನ್‌ಗೆ ಇನ್ನೂ ಎರಡು ತೊಡಕುಗಳಿವೆ. ಅದು ಹಸಿ ಅಡಿಕೆಯ ಹಾಗೆ. ಕೋಶದೊಳಗೆ ಹೋಗಿ, ಅಲ್ಲಿನ ಕಿಣ್ವವೊಂದು ಅದನ್ನು ಪಾಕ ಮಾಡಿದ ಮೇಲಷ್ಟೇ ಕೆಲಸಕ್ಕೆ ಬರುವುದು. ಬೇಯಿಸದೆ ಕೆಂಪಡಿಕೆ ಆಗಲ್ಲ ಅಲ್ವಾ? ಕೆಲವು ಕೋಶಗಳು ಆ ಕಿಣ್ವವನ್ನೇ ಕಡಿಮೆ ಮಾಡಿಕೊಳ್ಳುತ್ತವೆ, ಒಲೆಯನ್ನೇ ಆರಿಸಿದ ಹಾಗೆ. ಇದರ ಅಣ್ಣತಮ್ಮನಂಥ ಡೆಸಿಟಾಬಿನ್‌ಗೆ ಬೇರೆ ಒಲೆ ಇದೆ. ಎರಡನ್ನೂ ಅದಲುಬದಲು ಕೊಟ್ಟರೆ ಹೇಗೆ ಅಂತ ಸಂಶೋಧಕರು ನೋಡುತ್ತಿರುವುದು ಇದಕ್ಕೇ. ಇನ್ನೊಂದು ತೊಡಕು ನಿದ್ದೆ. ಕೋಶ ಒಡೆದು ಎರಡಾಗುವಾಗ ಮಾತ್ರ ಮದ್ದು ಡಿಎನ್‌ಎ ಒಳಗೆ ಸೇರುವುದು. ಬೆಳಗಿನ ಜಾವದ ವೇಷದವನು ಚೌಕಿಯಲ್ಲಿ ಪೆಟ್ಟಿಗೆಗೆ ಒರಗಿ ಮಲಗಿರುತ್ತಾನಲ್ಲ, ಹಾಗೆ ಕೆಲವು ಲ್ಯುಕೇಮಿಯಾ ಕಾಂಡಕೋಶಗಳು ಮಜ್ಜೆಯಲ್ಲಿ ಮಲಗಿರುತ್ತವೆ. ರಂಗದ ಮೇಲೆ ಎಷ್ಟೇ ಗದ್ದಲ ಆಗಲಿ, ಅವಕ್ಕೆ ತಾಗುವುದಿಲ್ಲ. ಎದ್ದ ಮೇಲೆ ಆಟ ಅವುಗಳದ್ದೇ.

ಹಾಗಾದರೆ ಏನು ಮಾಡುತ್ತಾರೆ? ಜೊತೆಗೆ ಇನ್ನೊಂದು ಮದ್ದು ಸೇರಿಸುವುದು ಈಗಿನ ರೀತಿ. ದೊಡ್ಡ ಕೀಮೋ ತಾಳಲಾರದ ಎಎಂಎಲ್ ರೋಗಿಗಳಲ್ಲಿ ಅಜಾಸಿಟಿಡಿನ್ ಜೊತೆ ವೆನೆಟೊಕ್ಲಾಕ್ಸ್ ಮಾತ್ರೆ ಕೊಟ್ಟಾಗ ಬದುಕುಳಿದ ಅವಧಿಯ ಮಧ್ಯಾಂಕ 9.6 ತಿಂಗಳಿನಿಂದ 14.7 ತಿಂಗಳಿಗೆ ಏರಿತು ಎಂದು 2020ರಲ್ಲಿ ವರದಿಯಾಯಿತು. ಅದು ಎಎಂಎಲ್‌ನ ಲೆಕ್ಕ, ಅದನ್ನೇ ಎಂಡಿಎಸ್‌ಗೆ ಹಚ್ಚಬೇಡಿ. ಅಲ್ಲೂ ಕೋಶಗಳು ಸುಮ್ಮನೆ ಕೂರಲಿಲ್ಲ. ವೆನೆಟೊಕ್ಲಾಕ್ಸ್ ತಡೆಯುವುದು ಕೋಶ ಸಾಯದಂತೆ ಕಾಯುವ ಬಿಸಿಎಲ್-2 ಅನ್ನುವ ಪ್ರೋಟೀನನ್ನು. ಕೆಲವು ಕೋಶಗಳು ಅದನ್ನು ಬಿಟ್ಟು ಎಂಸಿಎಲ್-1 ಅನ್ನುವ ಅದರ ದಾಯಾದಿಯನ್ನು ಹಿಡಿದುಕೊಂಡು ಬದುಕಿದವು. ಐಡಿಎಚ್ ಜೀನುಗಳು ಕೆಟ್ಟಿದ್ದರೆ ಅದಕ್ಕೇ ಹೇಳಿ ಮಾಡಿಸಿದ ಮಾತ್ರೆಗಳು 2017 ಮತ್ತು 2018ರಲ್ಲಿ ಅಮೆರಿಕದಲ್ಲಿ ಬಂದಿವೆ. ಹಾಗಾಗಿ ಮುಂದಿನ ಭೇಟಿಯಲ್ಲಿ ಒಂದು ಮಾತು ಕೇಳಿ: ಮೊದಲು ಮಾಡಿದ ಜೀನ್ ಪರೀಕ್ಷೆಯನ್ನು ಈಗ ಮತ್ತೆ ಮಾಡಿಸಬೇಕಾ? ವರ್ಷದ ಹಿಂದಿನ ರಿಪೋರ್ಟ್ ವರ್ಷದ ಹಿಂದಿನ ಕೋಶಗಳದ್ದು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಕಷಾಯ ಅಂತ ಕೂರಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಇನ್ನು ಮುರುಗಲು. ನೀವು ಕೇಳಿದ್ದು ಪೂರ್ತಿ ಗಾಳಿಮಾತಲ್ಲ, ನನಗೇ ಖುಷಿ ಕೊಟ್ಟ ವಿಷಯ. ಮುರುಗಲ ಸಿಪ್ಪೆಯಲ್ಲಿ ಗಾರ್ಸಿನಾಲ್ ಅನ್ನುವ ವಸ್ತು ಇದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ, ಅದು ಅಸಿಟೈಲ್ ಗುರುತು ಹಾಕುವ ಪಿ-300 ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿತು. ನಮ್ಮ ಬೆಟ್ಟದ ಹಣ್ಣು ಎಪಿಜೆನೆಟಿಕ್ಸ್ ಪ್ರಯೋಗಾಲಯ ಹೊಕ್ಕಿದ್ದು ಹೀಗೆ. ಆದರೆ ಅದು ನಳಿಗೆಯಲ್ಲಿ, ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದು. ಶುದ್ಧ ಮಾಡಿದ ವಸ್ತುವಿನಿಂದ, ಪಾನಕದಿಂದ ಅಲ್ಲ. ಇನ್ನೊಂದು ಸೂಕ್ಷ್ಮ ಗಮನಿಸಿ. ಅಜಾಸಿಟಿಡಿನ್ ಮುಚ್ಚಿದ ಜೀನನ್ನು ತೆರೆಸಲು ನೋಡುತ್ತದೆ. ಗಾರ್ಸಿನಾಲ್ ತೆರೆಯುವ ಗುರುತು ಬೀಳದಂತೆ ತಡೆಯುತ್ತದೆ. ನಳಿಗೆಯ ಲೆಕ್ಕದಲ್ಲೇ ನೋಡಿದರೂ ಇವೆರಡೂ ಒಂದೇ ದಿಕ್ಕಿಗೆ ಎಳೆಯುವ ಎತ್ತುಗಳಲ್ಲ.

ಬೇಸಿಗೆಯಲ್ಲಿ ಅಪ್ಪ ಒಂದು ಲೋಟ ಮುರುಗಲ ಪಾನಕ ಕೇಳಿದರೆ ಅದು ಬಾಯಿಚಪಲದ ವಿಷಯ. ಡಾಕ್ಟರ್ ಬೇಡ ಅನ್ನದಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಮಾಡಿ ಕೊಡಿ. ಬಿಳಿ ಕಣ ಕಡಿಮೆ ಇರುವಾಗ ನೀರಿನಿಂದಲೂ ಸೋಂಕು ತಗಲುವ ಭಯ. ಯಾರಾದರೂ ಸಿಪ್ಪೆಯ ಸತ್ವ ಅಂತ ಕ್ಯಾಪ್ಸೂಲ್ ತಂದುಕೊಟ್ಟರೆ ಬಾಟ್ಲಿಯನ್ನು ಒಡೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡು ಹೋಗಿ, ರಕ್ತದ ರಿಪೋರ್ಟಿನ ಜೊತೆ ಡಾಕ್ಟರ ಮೇಜಿನ ಮೇಲಿಡಿ.