ಮೋಟರ್ ಸುಟ್ಟ ಮೇಲೆ ಹನ್ನೊಂದು ದಿನ

2024ರ ಮಾರ್ಚ್. ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆಯಲ್ಲಿ ಸರ್ಕಾರಿ ಬೋರ್‌ವೆಲ್‌ನ ಮೋಟರ್ ಸುಟ್ಟುಹೋಯಿತು. ಬೋರ್‌ನಲ್ಲಿ ನೀರಿತ್ತು. ಮೆಕ್ಯಾನಿಕ್ ಎರಡು ಬೀದಿ ಆಚೆಯೇ ಇದ್ದ. ಆದರೂ ನಲ್ಲಿಗೆ ನೀರು ಬಂದದ್ದು ಹನ್ನೊಂದನೇ ದಿನ. ಅಂದಾಜು ಪಟ್ಟಿ, ಟಿಪ್ಪಣಿ, ಮೂರು ಸಹಿ. ಎಲ್ಲ ಮೇಜಿನಲ್ಲೂ ಒಂದೇ ಸಾಲು: ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’. ಆ ಕಡತ ನನ್ನ ಮೇಜಿಗೂ ಬಂದಿತ್ತು. ಎರಡು ದಿನ ಅಲ್ಲೇ ಇತ್ತು. ಆ ಎರಡು ದಿನ ನನಗೆ ಇನ್ನೂ ನೆನಪಿದೆ.

ನೀರು ಸರಬರಾಜಿನ ಕೆಲಸದಲ್ಲಿ ಬಹಳ ವರ್ಷ ಕಳೆದವನು ನಾನು. ಕಷ್ಟಕಾಲದಲ್ಲಿ ಆಡಳಿತ ಚುರುಕಾಗಬೇಕು ಅಂದ ಕೂಡಲೇ ಆ್ಯಪ್, ಡ್ಯಾಶ್‌ಬೋರ್ಡ್, ವಾರ್ ರೂಮ್ ಮಾತು ಶುರುವಾಗುತ್ತದೆ. ಅವೂ ಬೇಕು. ಆದರೆ ನಾನು ಮೊದಲು ಕೇಳುವುದು ಬೇರೆ: ತೀರ್ಮಾನ ಮಾಡುವವರು ನಲ್ಲಿಯಿಂದ ಎಷ್ಟು ದೂರ ಕೂತಿದ್ದಾರೆ?

ಆ ಬೇಸಿಗೆಯ ಲೆಕ್ಕ ನೋಡಿ. ಕಾವೇರಿಯಿಂದ ನಗರಕ್ಕೆ ಬರುತ್ತಿದ್ದದ್ದು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಉಳಿದದ್ದಕ್ಕೆ ಬೋರ್‌ವೆಲ್ಲೇ ಗತಿ. 2023ರಲ್ಲಿ ಮಳೆ ಕೈಕೊಟ್ಟಿತು. ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಜಾಸ್ತಿ ಪೆಟ್ಟು ಬಿದ್ದದ್ದು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ. ಅಲ್ಲಿಗೆ ಕಾವೇರಿ ಐದನೇ ಹಂತದ ನೀರು ಇನ್ನೂ ಬಂದಿರಲಿಲ್ಲ. ಆ ಯೋಜನೆಗೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ.

ಒಳ್ಳೆಯ ಕೆಲಸಗಳೂ ಬೇಗ ಆದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಹೋಟೆಲ್, ಮಾಲ್‌ಗಳ ನಲ್ಲಿಗೆ ಏರೇಟರ್ ಕಡ್ಡಾಯವಾಯಿತು. ನೀರಿನ ಜತೆ ಗಾಳಿ ಬೆರೆಸುವ ಸಣ್ಣ ತುಣುಕು ಅದು. ಕೈ ತೊಳೆಯುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ನೀರು ಮಾತ್ರ ಉಳಿಯುತ್ತದೆ.

ನನಗೆ ಹೆಚ್ಚು ಪಾಠ ಕಲಿಸಿದ್ದು ಟ್ಯಾಂಕರ್ ದರ. ಜಿಲ್ಲಾಡಳಿತ ದರ ಗೊತ್ತುಮಾಡಿತು: 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. 5ರಿಂದ 10 ಕಿ.ಮೀ. ಆದರೆ 750 ಮತ್ತು 1,200. ಇದರ ಚೆಂದ ಏನು ಗೊತ್ತಾ? ಗೇಟಿನ ಬಳಿ ನಿಂತ ಗೃಹಿಣಿಯೂ ತಾಳೆ ನೋಡಬಹುದಾದ ನಿಯಮ ಅದು. ಆದರೆ ಪಟ್ಟಿ 10 ಕಿ.ಮೀ.ಗೆ ನಿಂತಿತ್ತು. ಅಕ್ಕಪಕ್ಕದ ಬೋರ್ ಬತ್ತಿದ ಮೇಲೆ ಟ್ಯಾಂಕರ್ ಇನ್ನೂ ದೂರ ಹೋಗಲೇಬೇಕು, ಅಲ್ವಾ? ಆತುರದಲ್ಲಿ ಬರೆದ ನಿಯಮ ಮೊದಲ ಸಲವೇ ಸರಿಯಿರಲಿ ಎಂದು ನಾನು ಬಯಸುವುದಿಲ್ಲ. ವಾರಕ್ಕೊಮ್ಮೆ ತಿದ್ದುತ್ತೇವೆ ಎಂದು ಆದೇಶದಲ್ಲೇ ಬರೆಯಬೇಕು. ನಮ್ಮಲ್ಲಿ ತಿದ್ದುಪಡಿ ಅಂದರೆ ತಪ್ಪೊಪ್ಪಿಗೆ ಅಂತ ಭಾವಿಸುತ್ತಾರೆ. ಅದಕ್ಕೇ ಯಾರೂ ಮುಟ್ಟುವುದಿಲ್ಲ.

ಇದರ ಹಿಂದೆ ಇರುವುದು ಸೋಮಾರಿತನವಲ್ಲ, ಭಯ. ಇಂದು ಹಾಕಿದ ಸಹಿಗೆ ಐದು ವರ್ಷ ಬಿಟ್ಟು ಆಡಿಟ್ ಆಕ್ಷೇಪಣೆ ಬರಬಹುದು. ಕಾನೂನಿನಲ್ಲಿ ದಾರಿಯೇನೋ ಇದೆ. ಸರ್ಕಾರಿ ಖರೀದಿಗೆ ಅನ್ವಯಿಸುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಕಲಂ 4(ಎ) ಪ್ರಕಾರ, ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಸ್ಥಿತಿಯಲ್ಲಿ ಟೆಂಡರ್ ಇಲ್ಲದೆಯೂ ಖರೀದಿಸಬಹುದು. ಆದರೆ ಒಂದು ಮೋಟರ್ ರಿಪೇರಿಗೆ ಆ ಬಾಗಿಲು ಯಾರು ತೆಗೆಯುತ್ತಾರೆ? ಕಿರಿಯ ಎಂಜಿನಿಯರ್‌ಗೆ ಸಣ್ಣ ಮೊತ್ತದ ಮಿತಿ ಕೊಡಿ. ಮೊದಲು ರಿಪೇರಿ, ಮರುದಿನ ಫೋಟೋ ಮತ್ತು ಬಿಲ್. ಅವರ ಬೆನ್ನಿಗೆ ಮೇಲಿನವರು ಲಿಖಿತವಾಗಿ ನಿಲ್ಲಬೇಕು. ಫೋನಿನಲ್ಲಿ ‘ಮಾಡ್ರಿ, ನೋಡಿಕೊಳ್ಳೋಣ’ ಅಂದರೆ ಸಾಲದು.

ಹಿಂದೆ ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೀರುಗಂಟಿ ತೀರ್ಮಾನಿಸುತ್ತಿದ್ದ. ಇಂದು ಆ ಜಾಗದಲ್ಲಿ ನಮ್ಮ ವಾಲ್ವ್‌ಮ್ಯಾನ್ ಇದ್ದಾನೆ. ಯಾವ ಬೀದಿಗೆ ಎಷ್ಟು ಪ್ರೆಷರ್ ಎಂದು ಅವನಿಗೆ ಗೊತ್ತು. ಅವನ ಮಾತು ಮಾತ್ರ ಯಾವ ಕಡತದಲ್ಲೂ ಇರುವುದಿಲ್ಲ.

ಆ ಏಪ್ರಿಲ್‌ನಲ್ಲಿ ಐದು ಜನ ವಾಲ್ವ್‌ಮ್ಯಾನ್‌ಗಳನ್ನು ಕೂರಿಸಿಕೊಂಡು ಕೇಳಿದೆ. ಒಬ್ಬರು ಅಂಗಿ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ‘ಸಾರ್, ಮೂರನೇ ಕ್ರಾಸ್‌ಗೆ ಬೆಳಿಗ್ಗೆ ಬಿಟ್ರೆ ಎತ್ತರದ ಮನೆಗಳಿಗೆ ಹತ್ತಲ್ಲ. ಎಲ್ಲರೂ ಸಂಪ್‌ಗೆ ಮೋಟರ್ ಹಾಕಿರ್ತಾರೆ. ರಾತ್ರಿ ಎರಡಕ್ಕೆ ಬಿಟ್ಟು ನೋಡೋಣ್ವಾ?’

ಅವತ್ತು ರಾತ್ರಿಯೇ ಸಮಯ ಬದಲಿಸಿದೆವು. ಟಿಪ್ಪಣಿಯನ್ನು ನಾನು ಮರುದಿನ ಬರೆದೆ.